ಏಳನೆಯ ನಿಯಮ

ಅಟ್ಟೂರಿನ ಒಂದು ಔಷಧಿ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ನನ್ನ ನೋಂದಣಿ ಪತ್ರ ಕೌಂಟರಿನ ಹಿಂದೆ ಗಾಜಿನ ಚೌಕಟ್ಟಿನಲ್ಲಿದೆ. ಅಂಗಡಿಯ ಪರವಾನಗಿ ನಿಂತಿರುವುದೇ ಅದರ ಮೇಲೆ. ಕೋಗಿಲಿನಲ್ಲಿ ಎರಡನೇ ಅಂಗಡಿ ತೆರೆಯುವ ಮೊದಲು ಮಾಲೀಕರು, "ಒಂದು ಎಸ್‌ಒಪಿ ಬರ್ದ್ಕೊಡಿ ಮೇಡಂ. ಎರಡೂ ಕಡೆ ಕೆಲಸ ಒಂದೇ ಥರ ನಡೀಬೇಕು" ಎಂದರು.

ನನಗೆ ಹಿಗ್ಗಾಯಿತು. ಬಾಗಲಕೋಟೆಯಿಂದ ಬಂದ ಮೇಲೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಆ ನಿಯಮಾವಳಿಯನ್ನು ನಾನೇ ಮಾಡಿದ ತಪ್ಪುಗಳಿಂದ ಬರೆಯಲು ಶುರುಮಾಡಿದೆ. ಒಮ್ಮೆ ಹೆಸರು ಹೋಲುವ ಎರಡು ಮಾತ್ರೆ ಅದಲುಬದಲಾಗಿ, ಗ್ರಾಹಕರ ಮನೆಯವರೆಗೂ ಓಡಿದ್ದೆ. ಮೂರನೆಯ ನಿಯಮ ಹುಟ್ಟಿದ್ದು ಅದರಿಂದ: ಕೊಡುವ ಮುನ್ನ ವೈದ್ಯರ ಚೀಟಿ, ಮಾತ್ರೆಪಟ್ಟಿಯ ಮೇಲಿನ ಹೆಸರು ಎರಡನ್ನೂ ಜೋರಾಗಿ ಓದಬೇಕು. ಏಳನೆಯದು, ಹೊಸ ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೊಡಕೂಡದು. ಕೊನೆಯಲ್ಲಿ, 'ಜವಾಬ್ದಾರಿ' ಎಂಬಲ್ಲಿ, ನನ್ನ ಸಹಿ.

ಮರುವಾರವೇ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹಳೆಯ ಗ್ರಾಹಕಿಯೊಬ್ಬರು ಬಂದರು. ಎರಡು ವರ್ಷದ ಹಿಂದಿನ ಚೀಟಿ ಮಡಿಕೆಗಳಲ್ಲಿ ಹರಿದಿತ್ತು.

"ಇದಕ್ಕ ಕೊಡಾಕ ಬರೂದಿಲ್ರೀ ಅಕ್ಕಾ. ಹೊಸಾದು ಬರಸ್ಕೊಂಡು ಬರ್ರಿ" ಎಂದೆ.

"ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ಕಣಮ್ಮ. ಡಾಕ್ಟ್ರತ್ರ ಹೋಗೋಕೆ ರಜಾ ಕೊಡಲ್ಲ."

ನನ್ನ ಹಿಂದಿನಿಂದ ಮಾಲೀಕರ ಕೈ ಬಂತು. ಒಂದು ಮಾತ್ರೆಪಟ್ಟಿ ಆಕೆಗೆ ಕೊಟ್ಟು, "ನಮ್ಮೋರೇ ಅಲ್ವಾ" ಎಂದರು. ಆಕೆ ನನ್ನ ಮುಖ ನೋಡದೆ ಹೋದರು. ಮಾಲೀಕರು ಇಂಥ ಮಾತ್ರೆಗಳ ಮಾರಾಟ ಬರೆಯುವ ರಿಜಿಸ್ಟರನ್ನು ಸಹಿಗೆಂದು ನನ್ನತ್ತ ಸರಿಸಿದರು.

"ನಾನು ಕೊಟ್ಟಿಲ್ರೀ ಸರ್."

"ಸೈನ್ ನಿಮ್ಮದೇ ಇರ್ಬೇಕಲ್ವಾ."

ನಾನು ಹಾಕಲಿಲ್ಲ. ಅವರು ರೇಗಲೂ ಇಲ್ಲ. ಮರುದಿನ ಏಳನೆಯ ನಿಯಮಕ್ಕೆ ಒಂದು ಸಾಲು ಸೇರಿಸಲು ಹೇಳಿದರು: ಪರಿಚಿತರಿಗೆ ಫಾರ್ಮಸಿಸ್ಟ್ ತಮ್ಮ ವಿವೇಚನೆಯಂತೆ ಕೊಡಬಹುದು. ಅಂದರೆ ಕೊಡುವವರು ಅವರು, ಸಿಕ್ಕಿಬೀಳುವವಳು ನಾನು. ನನ್ನ ನೋಂದಣಿ ಪತ್ರ ವಾಪಸ್ ಕೊಡಿ ಎಂದೆ. "ಬೇರೆಯವ್ರು ಸಿಗೋವರ್ಗೂ ಇರಿ. ಅಂಗಡಿ ಮುಚ್ಚಿಸ್ತೀರಾ?" ಎಂದರು. ಅಂಗಡಿ ಮುಚ್ಚಿದರೆ ಮನೆಬಾಡಿಗೆಗೆ ನನ್ನ ಸಂಬಳವೂ ಇಲ್ಲ. ಆ ಸಾಲನ್ನು ನಾನೇ ಟೈಪ್ ಮಾಡಿದೆ. ಬೆರಳುಗಳು ಬೇರೆಯವರವು ಎನಿಸಿದವು.

ಭಾನುವಾರ ಆ ಗ್ರಾಹಕಿಯನ್ನು, ರಜೆಯ ದಿನವೂ ತೆರೆದಿರುವ ಸಂಜಯನಗರದ ಕ್ಲಿನಿಕ್ಕಿಗೆ ಕರೆದೊಯ್ದೆ. ವೈದ್ಯರು ಮಾತ್ರೆಯನ್ನು ಅರ್ಧಕ್ಕಿಳಿಸಿ ಹೊಸ ಚೀಟಿ ಬರೆದರು. ಬಸ್ಸಿನಲ್ಲಿ ಆಕೆ ನನ್ನ ಹೆಗಲಿಗೊರಗಿ ನಿದ್ದೆ ಹೋದರು. ಬೇರೆ ಫಾರ್ಮಸಿಸ್ಟ್ ಇನ್ನೂ ಸಿಕ್ಕಿಲ್ಲ. ಮಾಲೀಕರು ಹುಡುಕುತ್ತಿದ್ದಾರೆಂದೂ ನನಗೆ ಅನ್ನಿಸುವುದಿಲ್ಲ.