ಒಬ್ಬರಿಗೊಂದು ಪ್ರಾಣಿ

ಝೂಗೆ ಹೋದವರು ಹುಲಿಯಿಂದ ಹಿಡಿದು ಹಾವಿನ ತನಕ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ, ಕಾಲು ಎಳೆದುಕೊಂಡು ಮನೆಗೆ ಬರುತ್ತಾರೆ. ನಮ್ಮಪ್ಪನಿಗೆ ಅಂಥವರನ್ನು ಕಂಡರೆ ಆಗುತ್ತಿರಲಿಲ್ಲ. "ಅದು ನೋಡೋದಲ್ಲ, ಹಾಜರಿ ಹಾಕೋದು" ಅನ್ನುತ್ತಿದ್ದರು.

ಅಪ್ಪ ವಾಚ್ ರಿಪೇರಿ ಮಾಡುತ್ತಿದ್ದರು. ದೊಡ್ಡ ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಅವರ ಗೂಡು. ಅದರಲ್ಲಿ ಒಂದು ಸ್ಟೂಲು, ಗಾಜಿನ ಪೆಟ್ಟಿಗೆ, ಬಗ್ಗಿದ ಕತ್ತಿನ ದೀಪ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಎಳ್ಳಿಗಿಂತ ಸಣ್ಣ ಸ್ಕ್ರೂ ಹಿಡಿದು ಕೂತರೆಂದರೆ ತಲೆಯ ಮೇಲಿನ ಮೆಟ್ಟಿಲಲ್ಲಿ ಆನೆ ಹತ್ತಿದರೂ ಅವರಿಗೆ ಪರಿವೆ ಇರುತ್ತಿರಲಿಲ್ಲ.

ವಾರವಿಡೀ ಒಂದು ಚೂರನ್ನೇ ದಿಟ್ಟಿಸುವ ಮನುಷ್ಯ ಭಾನುವಾರ ಪ್ರಾಣಿಗಳನ್ನೂ ಹಾಗೇ ನೋಡುತ್ತಿದ್ದರು. ನಮಗೂ ಅದೇ ಶಿಸ್ತು. ಝೂ ಆಗಲಿ, ಊರಾಚೆಯ ಕೆರೆಯಾಗಲಿ, ಡೈರಿಯ ಕೊಟ್ಟಿಗೆಯಾಗಲಿ, ಒಬ್ಬರಿಗೆ ಒಂದೇ ಪ್ರಾಣಿ. ಸಂಜೆಯವರೆಗೆ ಅದರ ಮುಂದೆಯೇ ಇರಬೇಕು, ಇನ್ನೊಬ್ಬರ ಪ್ರಾಣಿಯ ಕಡೆ ಸುಳಿಯಬಾರದು. ಅಕ್ಕ ಒಮ್ಮೆ ಇಡೀ ದಿನ ಒಂದು ಎಮ್ಮೆಯ ಮುಂದೆ ನಿಂತಿದ್ದಳು. ಹೊರಡುವಾಗ ಎಮ್ಮೆ ತನ್ನನ್ನು ಕೂಗಿ ಕರೆಯಿತು ಎಂದು ಈಗಲೂ ಆಣೆ ಹಾಕುತ್ತಾಳೆ. ನನಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಆಮೆ. ನನ್ನ ದುಡುಕಿಗೆ ಅದೇ ಮದ್ದು ಎಂದು ಅಪ್ಪನ ಲೆಕ್ಕಾಚಾರ. ಮದ್ದು ನಾಟಲಿಲ್ಲ, ಅದು ಬೇರೆ ಮಾತು.

ಮನೆಗೆ ಬಂದು ಊಟಕ್ಕೆ ಕೂತಾಗ ಒಬ್ಬೊಬ್ಬರೂ ವರದಿ ಒಪ್ಪಿಸಬೇಕು. ಅದಕ್ಕೂ ಒಂದು ನಿಯಮ: ಕಣ್ಣಾರೆ ಕಂಡೆ ಎಂದವರ ಮಾತಿಗೆ ಯಾರೂ ಎದುರಾಡುವಂತಿಲ್ಲ. ಅಂಗಡಿಯಲ್ಲಿ "ನೀವೇ ಕೆಡಿಸಿದ್ದು", "ಇದು ನನ್ನ ವಾಚೇ ಅಲ್ಲ" ಎಂಬ ಜಗಳ ಕೇಳಿ ಕೇಳಿ ಅಪ್ಪನ ಕಿವಿ ತೂತಾಗಿತ್ತು. ಮನೆಯಲ್ಲಾದರೂ ಒಬ್ಬರ ಮಾತನ್ನು ಇನ್ನೊಬ್ಬರು ನಂಬಲಿ ಎಂಬುದು ಅವರ ಆಸೆ. ಹಾಗಾಗಿ ಅಕ್ಕನ ಎಮ್ಮೆ ಕೂಗಿದ್ದನ್ನು ನಾವೆಲ್ಲ ಒಪ್ಪಲೇಬೇಕಾಯಿತು.

ಅಮ್ಮನಿಗೆ ಮಾತ್ರ ಪ್ರಾಣಿ ಇರಲಿಲ್ಲ. ಊಟದ ಚೀಲ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದಳು. "ನೀನೂ ಒಂದನ್ನ ಆರಿಸ್ಕೊಳ್ಳೇ" ಎಂದು ಅಪ್ಪ ಅಂದರೆ, "ಮನೇಲಿರೋವು ಸಾಲದಾ?" ಎಂದು ಮಾತು ಮುಗಿಸುತ್ತಿದ್ದಳು.

ಝೂಗೆ ಹೋದರೆ ಅಪ್ಪನದು ಯಾವಾಗಲೂ ಗೂಬೆ. "ಜನ ಬೇರೆಯವರ ಮೇಲೆ ಗೂಬೆ ಕೂರಿಸ್ತಾರೆ, ನಿಮ್ಮಪ್ಪ ತಾವೇ ಹೋಗಿ ಗೂಬೆ ಮುಂದೆ ಕೂರ್ತಾರೆ" ಎಂದು ಅಮ್ಮ ನಗುತ್ತಿದ್ದಳು. ಆದರೆ ಅವರ ವರದಿ ಶುರುವಾದರೆ ನಮ್ಮ ತಟ್ಟೆಯಲ್ಲಿ ಊಟ ಆರಿಹೋಗುತ್ತಿತ್ತು. ಅದು ಯಾವ ಕಣ್ಣನ್ನು ಮೊದಲು ಮುಚ್ಚುತ್ತದೆ, ಗಾಳಿ ಬಂದಾಗ ಎದೆಯ ಗರಿ ಬೈತಲೆಯ ಹಾಗೆ ಹೇಗೆ ಇಬ್ಭಾಗವಾಗುತ್ತದೆ, ಎಲ್ಲವನ್ನೂ ಹೇಳುತ್ತಿದ್ದರು.

ನಾವು ದೊಡ್ಡವರಾದೆವು. ಅಕ್ಕ ಶಾಲೆಯಲ್ಲಿ ಮೇಡಂ ಆದಳು, ನಾನು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಭಾನುವಾರಗಳು ತಪ್ಪಲಿಲ್ಲ. ಆದರೆ ಅಪ್ಪನ ಗೂಡಿಗೆ ವಾಪಸು ಬರುವ ವಾಚುಗಳು ಹೆಚ್ಚಾಗತೊಡಗಿದವು. ಒಂದರ ಗಾಜಿನೊಳಗೆ ಕೂದಲು ಉಳಿದಿತ್ತು. ಇನ್ನೊಂದರಲ್ಲಿ ಮುಳ್ಳುಗಳು ಒಂದಕ್ಕೊಂದು ತಾಗಿ ನಿಂತುಬಿಟ್ಟಿದ್ದವು. "ಈಗಿನ ಸಾಮಾನೇ ಸರಿಯಿಲ್ಲ" ಅಂದರು ಅಪ್ಪ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಾನು ರೇಗಿಸಿದೆ. ಅಪ್ಪ ನಗಲಿಲ್ಲ.

ಕಣ್ಣು ತೋರಿಸಿ ಎಂದರೆ, "ಗೂಬೆ ಗರಿ ಎಣಿಸಿ ಹೇಳ್ಲಾ?" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದರು. ಡಾಕ್ಟರ ಹತ್ತಿರ ಹೋದರೆ ಅಂಗಡಿ ಮುಚ್ಚಿ ಅಂದಾರು, ಅಂಗಡಿ ಮುಚ್ಚಿದರೆ ತಾವು ಯಾರಿಗೂ ಬೇಡ ಎಂಬ ಭಯ ಅವರಿಗೆ. ಅದು ನಮಗೆ ಗೊತ್ತಿತ್ತು, ಒತ್ತಾಯ ಮಾಡುವ ಧೈರ್ಯ ಇರಲಿಲ್ಲ.

ಒಂದು ಭಾನುವಾರ ಝೂನಲ್ಲಿ ನನ್ನ ಬಾಟಲಿಯ ನೀರು ಮುಗಿದು ನಲ್ಲಿಯ ಕಡೆ ಹೊರಟೆ. ಗೂಬೆಯ ಪಂಜರ ದಾಟಿಯೇ ಹೋಗಬೇಕು. ಅಪ್ಪ ಕೈಕಟ್ಟಿ ನಿಂತಿದ್ದರು. ಪಂಜರದೊಳಗೆ ಒಣಮರದ ಒಂದು ಮೋಟು, ಅದಕ್ಕೆ ಸಿಕ್ಕಿಕೊಂಡ ಒಂದಿಷ್ಟು ಗರಿ, ಅಷ್ಟೇ. ಬಾಗಿಲಿಗೆ ಬೋರ್ಡು ತಗುಲಿಸಿದ್ದರು: ಹಕ್ಕಿ ಚಿಕಿತ್ಸೆಯಲ್ಲಿದೆ. ಅಪ್ಪ ಆ ಮೋಟನ್ನೇ ನೋಡುತ್ತ ಮೆಲ್ಲಗೆ ತಲೆದೂಗುತ್ತಿದ್ದರು. ನಾನು ನೀರು ಹಿಡಿಯದೆ ವಾಪಸು ಬಂದೆ. ಒಬ್ಬರ ಪ್ರಾಣಿಯ ಕಡೆ ಇನ್ನೊಬ್ಬರು ಸುಳಿಯದ ಮನೆ ನಮ್ಮದು. ಇದು ಎಂದಿನಿಂದ ನಡೆದಿತ್ತೋ ಯಾರಿಗೆ ಗೊತ್ತು.

ಊಟಕ್ಕೆ ಕೂತೆವು. ಅಕ್ಕ ಜಿಂಕೆಯ ವಿಷಯ ಹೇಳಿದಳು. ನಾನು ಆಮೆಯ ಬಗ್ಗೆ ಏನು ಹೇಳಿದೆನೋ ನೆನಪಿಲ್ಲ. ಅಪ್ಪನ ಸರದಿ ಬಂತು.

"ಇವತ್ತು ಬಲು ಗಂಭೀರ. ಒಂದು ಸಲಾನೂ ಕತ್ತು ತಿರುಗಿಸ್ಲಿಲ್ಲ. ಗಾಳಿ ಬಂದಾಗ ಗರಿ ಮಾತ್ರ ಅಲ್ಲಾಡ್ತು. ಪಾಪ, ಅದಕ್ಕೂ ವಯಸ್ಸಾಯ್ತು."

ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಆ ಮೋಟೇ ಗೂಬೆಯಾಗಿ ಕಂಡಿತ್ತು. ಪಂಜರ ಖಾಲಿ ಇತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು, ಆದರೆ ಎದುರಾಡುವಂತಿಲ್ಲ. ಹೇಳಿದರೆ ಅವರ ಮರ್ಯಾದೆ ತೆಗೆದಂತೆ, ಸುಮ್ಮನಿದ್ದರೆ ಅವರು ಪೂರ್ತಿ ಕುರುಡಾಗುವುದನ್ನು ನೋಡುತ್ತ ಕೂತಂತೆ. ನನಗೆ ಅಳು ಬಂತು.

ಆಗ ಅಮ್ಮ ಸೌಟು ಕೆಳಗಿಟ್ಟಳು.

"ಇವತ್ತು ನಾನೂ ವರದಿ ಒಪ್ಪಿಸ್ತೀನಿ."

ಅಪ್ಪನಿಗೆ ಖುಷಿಯೋ ಖುಷಿ. "ಅಬ್ಬ, ಕೊನೆಗೂ! ಯಾವ ಪ್ರಾಣಿನೇ?"

"ಯಾವಾಗ್ಲೂ ನೋಡೋದೇ. ಬೆಂಚಿನ ಮೇಲಿಂದ ಚೆನ್ನಾಗಿ ಕಾಣುತ್ತೆ. ಮಧ್ಯೆ ಬಾಯಿ ಹಾಕ್ಬಾರ್ದು ಮತ್ತೆ."

"ನಿಯಮ ಮಾಡಿದೋನೇ ನಾನು. ಹೇಳು."

"ಗಂಡು. ತಲೆ ಬೆಳ್ಳಗಾಗಿದೆ. ಮೊದಲೆಲ್ಲ ಸರಸರ ನಡೀತಿತ್ತು. ಈಗ ಮೆಟ್ಟಿಲು ಬಂದ್ರೆ ಕಾಲಲ್ಲಿ ತಡವಿ ನೋಡಿ ಆಮೇಲೆ ಇಳಿಯುತ್ತೆ. ಲೋಟಕ್ಕೆ ನೀರು ಹಾಕೋವಾಗ ಒಳಗೆ ಬೆರಳಿಟ್ಕೊಂಡು ಹಾಕುತ್ತೆ. ನಾನು ಎದುರಿಗೇ ಹೋಗಿ ನಿಂತ್ರೂ, ಮಾತಾಡೋ ತನಕ ಯಾರು ಅಂತ ಗೊತ್ತಾಗಲ್ಲ. ಇವತ್ತು ಸಂಜೆ ತನಕ ಖಾಲಿ ಪಂಜರದ ಮುಂದೆ ನಿಂತಿತ್ತು. ತುಂಬಾ ಹೆದರಿದೆ ರೀ ಅದು. ನೋಡ್ತಿದ್ರೆ ಕರುಳು ಕಿತ್ತು ಬರುತ್ತೆ."

ಅಪ್ಪ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದರು. ನಿಯಮ ಅವರದೇ. ಮೇಜಿನ ಮೇಲೆ ಕೈಯಾಡಿಸಿ ಲೋಟ ಹುಡುಕಿದರು. ಅಮ್ಮ ಅದನ್ನು ಅವರ ಬೆರಳಿನ ಹತ್ತಿರಕ್ಕೆ ಸರಿಸಿದಳು.

ನೀರು ಕುಡಿದು ಅಪ್ಪ ಕೇಳಿದರು, "ಆಮೇಲೆ ಏನ್ ಮಾಡ್ತು, ಆ ಪ್ರಾಣಿ?"

"ನಾಳೆ ಬೆಳಿಗ್ಗೆ ಕಣ್ಣಾಸ್ಪತ್ರೆಗೆ ಹೋಗುತ್ತೆ."

"ಒಂದೇನಾ?"

"ಒಂದೇ ಯಾಕೆ ಹೋಗುತ್ತೆ? ನಾನಿಲ್ವಾ, ಊಟದ ಚೀಲ ಹಿಡ್ಕೊಂಡು."