ಸಿಹಿಗುಂಬಳ ಹಿಡಿದು ಹೊರಟ ಅತ್ತೆ

ಕಳೆದ ಗುರುವಾರ ಮಧ್ಯಾಹ್ನ ನಮ್ಮ ಅತ್ತೆ ಕಾಣೆಯಾದರು. ಅವರ ಜೊತೆಗೆ ಒಂದು ಸಿಹಿಗುಂಬಳವೂ ಕಾಣೆಯಾಯಿತು.

ಗಾಬರಿಯಾಗಬೇಡಿ. ಅತ್ತೆ ಕ್ಷೇಮವಾಗಿದ್ದಾರೆ. (ಸಿಹಿಗುಂಬಳದ ಬಗ್ಗೆ ಹಾಗೆ ಹೇಳಲಾರೆ.)

ಮೊದಲಿನಿಂದ ಹೇಳುತ್ತೇನೆ. ನಾವಿರುವುದು ಸಿಂಗಾಪುರದ ಚೋವಾ ಚು ಕಾಂಗ್‌ನ ಒಂದು ಫ್ಲ್ಯಾಟಿನಲ್ಲಿ. ಇಲ್ಲಿ ದೀಪಾವಳಿಗೆ ರಜೆ ಇದೆ. ಚೀನೀ ಹೊಸ ವರ್ಷಕ್ಕಿದೆ, ರಂಜಾನಿಗಿದೆ, ಕ್ರಿಸ್‌ಮಸ್‌ಗಿದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮಾತ್ರ ಇಲ್ಲ. ಅದು ಅಮೆರಿಕದವರ ಹಬ್ಬ, ನಮಗೂ ಅದಕ್ಕೂ ಏನು ಸಂಬಂಧ? ನಾನೂ ಹಾಗೇ ಅಂದುಕೊಂಡಿದ್ದೆ, ಮಗಳು ಮೇಘನಾ ತನ್ನ ಗೆಳತಿ ಆಶ್ಲಿಯನ್ನು ಮನೆಗೆ ಕರೆಯುವವರೆಗೆ.

ಆಶ್ಲಿ ಅಮೆರಿಕದ ಹುಡುಗಿ. ಒಂದು ಸೆಮಿಸ್ಟರ್ ಓದಲು ಮೇಘನಾಳ ಯೂನಿವರ್ಸಿಟಿಗೆ ಬಂದಿದ್ದಾಳೆ. ಥ್ಯಾಂಕ್ಸ್‌ಗಿವಿಂಗ್‌ಗೆ ಮನೆಯವರಿಲ್ಲದೆ ಇರುವುದು ಇದೇ ಮೊದಲು. ಹಾಸ್ಟೆಲ್ ರೂಮಿನಿಂದ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಅಳುತ್ತಿದ್ದಳಂತೆ.

"ಅಮ್ಮಾ, ಅವಳಿಗೋಸ್ಕರ ನಮ್ಮನೇಲೇ ಸೆಲೆಬ್ರೇಟ್ ಮಾಡೋಣ."

"ಅವತ್ತು ಟರ್ಕಿ ಕೋಳಿ ಬೇಯಿಸ್ತಾರಲ್ವೇನೇ? ಮನೇಲಿ ಅಜ್ಜಿ ಇದಾರೆ, ನೆನಪಿರಲಿ."

"ಟರ್ಕಿ ಬೇಡ ಲಾ. ಪಂಪ್‌ಕಿನ್ ಪೈ ಇದ್ರೆ ಸಾಕಂತೆ. ಅವಳೇ ಮಾಡ್ತಾಳೆ." (ಈ 'ಲಾ' ಸಿಂಗಾಪುರದವರ ಮಾತಿನ ಬಾಲ, ಮಗಳಿಗೂ ಅಂಟಿದೆ.)

ಹಿಟ್ಟಿನ ಬಟ್ಟಲಿನೊಳಗೆ ಸಿಹಿಗುಂಬಳದ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸಿದರೆ ಪಂಪ್‌ಕಿನ್ ಪೈ. ಸಿಹಿಗುಂಬಳ ಎಂದ ಕೂಡಲೇ ಮೈಸೂರಿನಿಂದ ಬಂದಿದ್ದ ಅತ್ತೆಯ ಮುಖ ಅರಳಿತು. "ಪರವಾಗಿಲ್ವೇ! ಅವರ ಹಬ್ಬಕ್ಕೂ ನಮ್ಮ ತರಕಾರೀನೇನಾ?" ಎಂದರು. ಥ್ಯಾಂಕ್ಸ್‌ಗಿವಿಂಗ್‌ಗೆ ಅಲ್ಲೇ ಅಪ್ರೂವಲ್ ಸಿಕ್ಕಿತು.

ಗುರುವಾರ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿದೆ. ಮಾರ್ಕೆಟ್ಟಿನಲ್ಲಿ ಹೋಳು ಮಾಡಿಟ್ಟ ಸಿಹಿಗುಂಬಳ ಮುಗಿದುಹೋಗಿತ್ತು. ಇಡೀ ಕಾಯಿಯನ್ನೇ ಹೊತ್ತು ತಂದೆ. ಆಶ್ಲಿ ಏಪ್ರನ್ ಕಟ್ಟಿಕೊಂಡು ರೆಡಿಯಾಗಿದ್ದಳು. ನಾನು ಚಾಕು ಎತ್ತಿದೆ.

"ತಡಿಯಮ್ಮಾ!" ಅತ್ತೆಯ ಕೂಗಿಗೆ ಆಶ್ಲಿ ಬೆಚ್ಚಿಬಿದ್ದಳು. "ಹೆಂಗಸರು ಇಡೀ ಕುಂಬಳಕಾಯಿ ಒಡೀಬಾರ್ದು. ಮೊದಲು ಗಂಡಸರು ಎರಡು ಹೋಳು ಮಾಡ್ಲಿ, ಆಮೇಲೆ ನೀವು ಏನು ಬೇಕಾದ್ರೂ ಮಾಡ್ಕೊಳ್ಳಿ."

"ಅಜ್ಜೀ, ದಿಸ್ ಈಸ್ ಸೋ ಅನ್‌ಫೇರ್ ಲಾ!" ಎಂದು ಮೇಘನಾ ಜಗಳಕ್ಕೆ ನಿಂತಳು. ಆಶ್ಲಿಗೆ ವಿಷಯ ತಿಳಿಸಿದಾಗ ಅವಳು ನಗಲಿಲ್ಲ. ತನ್ನ ಅಜ್ಜಿಯ ಅಡುಗೆಮನೆಯಲ್ಲೂ ಇಂಥ ರೂಲ್ಸ್ ಇವೆಯಂತೆ. ಸುಮ್ಮನೆ ಪಾಲಿಸುವುದು ಕ್ಷೇಮವಂತೆ.

ಸರಿ, ಗಂಡಸನ್ನು ಎಲ್ಲಿಂದ ತರುವುದು? ನಮ್ಮನೆಯ ಏಕೈಕ ಗಂಡಸು, ಅಂದರೆ ನನ್ನ ಗಂಡ ಶ್ರೀಧರ, ಜುರಾಂಗ್ ಐಲ್ಯಾಂಡಿನ ರಿಫೈನರಿಯಲ್ಲಿದ್ದರು. ಫೋನ್ ಮಾಡಿದೆ.

"ಕಂಪನಿ ಬಸ್ಸು ಬೂನ್ ಲೇ ಸ್ಟೇಷನ್ ತಲುಪೋಷ್ಟರಲ್ಲಿ ಸಂಜೆ ಆಗುತ್ತೆ. ಯಾಕೆ, ಏನಾಯ್ತು?"

"ಕುಂಬಳಕಾಯಿ ಒಡೀಬೇಕಿತ್ತು."

"ಮೀಟಿಂಗಲ್ಲಿದೀನಿ ಕಣೇ" ಎಂದು ಇಟ್ಟುಬಿಟ್ಟರು.

ಪೈ ಬೇಯಬೇಕು, ಆರಬೇಕು. ಸಂಜೆಯವರೆಗೆ ಕಾದರೆ ಆಗದು. ಏನು ಮಾಡುವುದೆಂದು ನಾವು ಮೂವರೂ ಚರ್ಚಿಸಿ ತಿರುಗಿ ನೋಡಿದರೆ ಅತ್ತೆ ಇಲ್ಲ, ಕಾಯಿ ಇಲ್ಲ, ಬಾಗಿಲು ತೆರೆದಿದೆ!

ಕಾರಿಡಾರಿಗೆ ಓಡಿದೆ. ಅತ್ತೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದರು.

ಆ ಮನೆಯ ವಿಷಯ ನಿಮಗೆ ಹೇಳಬೇಕು. ಅಲ್ಲಿ ಒಬ್ಬ ಚೀನೀ ಅಂಕಲ್ ಒಂಟಿಯಾಗಿದ್ದಾರೆ. ಅವರ ಕಿಟಕಿ, ನಮ್ಮ ಅಡುಗೆಮನೆ ಕಿಟಕಿ ಅಕ್ಕಪಕ್ಕ. ನಾನು ಒಗ್ಗರಣೆಗೆ ಮೆಣಸಿನಕಾಯಿ ಹಾಕಬೇಕು, ಆ ಕಡೆ ಕಿಟಕಿ ದಢಾರ್! ಸಾರಿಗೆ ದಢಾರ್, ಪಲ್ಯಕ್ಕೆ ದಢಾರ್. ಬಂದು ಬೈದಿದ್ದರೆ ಸಾರಿ ಕೇಳಬಹುದಿತ್ತು. ಒಂದು ಮಾತಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಅವರು ಫ್ಲೋರ್ ನಂಬರ್ ನೋಡುತ್ತಾರೆ, ನಾವು ಫೋನ್ ನೋಡುತ್ತೇವೆ. ಮನೆಯಲ್ಲಿ ಅವರಿಗೆ ನಾವಿಟ್ಟ ಹೆಸರೇ ದಢಾರ್ ಅಂಕಲ್. ನಾನಂತೂ ಅವರಿಗೆ ಹೆದರಿ ಇಂಗು ಹಾಕುವುದನ್ನೇ ಕಡಿಮೆ ಮಾಡಿದ್ದೆ.

ಬಂದು ಎರಡು ವಾರವಾಗಿದ್ದ ಅತ್ತೆಗೆ ಈ ಶೀತಲ ಸಮರದ ಸುದ್ದಿ ಎಲ್ಲಿ ಗೊತ್ತು? ಅಚ್ಚ ಕನ್ನಡದಲ್ಲಿ ಶುರುಮಾಡಿದ್ದರು. "ನೋಡಿ ಅಣ್ಣಾ, ಮನೇಲಿ ಗಂಡಸರಿಲ್ಲ. ಇದನ್ನೊಂದು ಎರಡು ಹೋಳು ಮಾಡ್ಕೊಡಿ." ಅಂಗೈಯಿಂದ ಕಡಿಯುವ ಅಭಿನಯ ಬೇರೆ.

ಚಡ್ಡಿ, ಬನಿಯನ್ನಿನಲ್ಲಿದ್ದ ಅಂಕಲ್ ಕಾಯಿಯನ್ನು ಆಗಲೇ ಕೈಗೆ ತೆಗೆದುಕೊಂಡಿದ್ದರು.

"ಸಾರಿ ಅಂಕಲ್, ವೆರಿ ಸಾರಿ!" ಎಂದು ನಾನು ಅದಕ್ಕೆ ಕೈಹಾಕಿದೆ.

ಅವರು ಬಿಡಲಿಲ್ಲ. "ಆಂಟಿ ಆಸ್ಕ್ ಮೀ. ಯು ನೆವರ್ ಆಸ್ಕ್," ಎಂದರು. ಒಳಗೆ ಹೋಗಿ ಅಗಲ ಅಲಗಿನ ಕತ್ತಿ ತಂದರು. ಕಾರಿಡಾರಿನಲ್ಲಿ ನ್ಯೂಸ್‌ಪೇಪರ್ ಹಾಸಿ ಒಂದೇ ಏಟು ಹಾಕಿದರು. ಕಾಯಿ ಎರಡಾಯಿತು. ಅತ್ತೆ ಬಗ್ಗಿ ನೋಡಿ, "ಒಳ್ಳೇ ಬಣ್ಣ" ಎಂದರು. ಅಂಕಲ್ ಕೂಡ ಬಗ್ಗಿ ನೋಡಿ ತಲೆಯಾಡಿಸಿದರು.

"ರಾತ್ರಿ ಊಟಕ್ಕೆ ಬರ್ಬೇಕು ಅಂತ ಹೇಳಮ್ಮ ಅವರಿಗೆ."

ಹೇಳಿದೆ. ಬೇಡ ಅನ್ನಲಿ ಎಂದು ದೇವರನ್ನು ಬೇಡುತ್ತಲೇ ಹೇಳಿದೆ.

"ವಾಟ್ ಟೈಮ್?" ಎಂದರು ಅಂಕಲ್.

ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ಎರಡು ಕೈಯಲ್ಲೂ ಹಣ್ಣಿನ ಚೀಲ ಹಿಡಿದು ಹೇಳಿದ ಹೊತ್ತಿಗೆ ಬಂದರು. ಹೆಸರು ಓಂಗ್ ಅಂತ ಆಗ ಗೊತ್ತಾಯಿತು. ಅತ್ತೆಗೆ ಅದು ಓಂ ಎಂದು ಕೇಳಿಸಿ, ಆ ಕ್ಷಣದಿಂದ ಅವರು ಓಂಕಾರಪ್ಪನವರಾದರು. ಆಮೇಲೆ ಬಂದ ಶ್ರೀಧರ ಶೂ ಬಿಚ್ಚುತ್ತಾ ಒಳಗೆ ನೋಡಿ, ಹಿಂದೆ ಸರಿದು ಡೋರ್ ನಂಬರ್ ಚೆಕ್ ಮಾಡಿದರು!

ಟೇಬಲ್ ತುಂಬ ಅಡುಗೆ. ಸಿಹಿಗುಂಬಳದ ಹುಳಿ, ಚಿತ್ರಾನ್ನ, ಆಲೂಗಡ್ಡೆ ಪಲ್ಯ, ನಡುವೆ ಆಶ್ಲಿಯ ಪೈ. ಊಟಕ್ಕೆ ಮುಂಚೆ ಪ್ರತಿಯೊಬ್ಬರೂ ಯಾವುದಕ್ಕಾದರೂ ಥ್ಯಾಂಕ್ಸ್ ಹೇಳಬೇಕು, ಅದೇ ಈ ಹಬ್ಬ ಎಂದಳು ಆಶ್ಲಿ. ಅವಳು ನಮ್ಮೆಲ್ಲರಿಗೂ ಹೇಳಿ ಕಣ್ಣೊರೆಸಿಕೊಂಡಳು. ಶ್ರೀಧರ, ಬಾಸ್ ಇನ್ನೂ ಫೋನ್ ಮಾಡದೇ ಇರುವುದಕ್ಕೆ ಹೇಳಿದರು. ಅತ್ತೆ, "ನಂದು ಬೆಳಿಗ್ಗೆ ಪೂಜೇಲೇ ಆಯ್ತು" ಎಂದರು.

ಅಂಕಲ್ ಸರದಿ ಬಂತು. ಹೆಂಡತಿ ತೀರಿಕೊಂಡ ಮೇಲೆ ತನ್ನ ಬಾಗಿಲು ತಟ್ಟುವವರು ಪಾರ್ಸಲ್ ಕೊಡುವವರು ಮಾತ್ರ, ಇವತ್ತು ಈ ಆಂಟಿ ತಟ್ಟಿದರು, ಅದಕ್ಕೆ ಥ್ಯಾಂಕ್ಸ್ ಎಂದರು.

ನಾನು ಅನುವಾದಿಸಿದೆ. ಅತ್ತೆ ಅವರ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದರು.

ಶ್ರೀಧರರಿಗೆ ತಡೆಯಲಾಗಲಿಲ್ಲ. "ಅಂಕಲ್, ನಮ್ಮ ಅಡುಗೆ ವಾಸನೆಯಿಂದ ನಿಮಗೆ ತುಂಬ ತೊಂದರೆ ಆಗ್ತಿದೆ. ಸಾರಿ," ಎಂದು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟರು.

ಅಂಕಲ್ ಚಕಿತರಾದರು. "ಸ್ಮೆಲ್ ವೆರಿ ನೈಸ್ ವಾಟ್! ಮೈ ಬರ್ಡ್ ಕೆನಾಟ್."

ಅವರು ಒಂದು ಹಾಡುಹಕ್ಕಿ ಸಾಕಿದ್ದಾರಂತೆ. ಅದರ ಪಂಜರವಿರುವುದು ಕಿಟಕಿಯ ಪಕ್ಕ. ಮೆಣಸಿನಕಾಯಿ ಘಾಟು ಅದಕ್ಕೆ ಆಗುವುದಿಲ್ಲ, ಅದಕ್ಕೇ ಕಿಟಕಿ ಮುಚ್ಚುತ್ತಾರೆ. ಹಾಗಾದರೆ ದಢಾರ್? ಕಿಟಕಿಯ ಕೀಲು ತುಕ್ಕು ಹಿಡಿದಿದೆ, ಜೋರಾಗಿ ಎಳೆಯದಿದ್ದರೆ ಮುಚ್ಚುವುದೇ ಇಲ್ಲ!

ಇಷ್ಟು ವರ್ಷ ನಾವು ಕೋಪವೆಂದು ತಿಳಿದದ್ದು ತುಕ್ಕು. ಮೇಘನಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

ಪೈ ಮುಗಿಸಿ ಎಲ್ಲರೂ ಪಕ್ಕದ ಮನೆಗೆ ಮೆರವಣಿಗೆ ಹೊರಟೆವು. ಹಕ್ಕಿ ಬಟ್ಟೆಯ ಮುಸುಕಿನೊಳಗೆ ಆಗಲೇ ಮಲಗಿತ್ತು. ಶ್ರೀಧರ ಎಣ್ಣೆ, ಸ್ಪ್ಯಾನರ್ ತಂದು ಕೀಲು ಬಿಚ್ಚಿ ಕೂತರು. (ರಿಫೈನರಿ ಎಂಜಿನಿಯರಿಗೆ ಒಂದೇ ದಿನದಲ್ಲಿ ಬಗೆಹರಿಯುವ ಪ್ರಾಬ್ಲಂ ಸಿಗುವುದು ಅಪರೂಪ.) ಅಂಕಲ್ ಟಾರ್ಚ್ ಹಿಡಿದರು. ಆಶ್ಲಿ ಅಮ್ಮನಿಗೆ ಕಾಲ್ ಮಾಡಿ ನಮ್ಮನ್ನೆಲ್ಲ ತೋರಿಸಿದಳು. ಅಲ್ಲಿ ಇನ್ನೂ ಬೆಳಿಗ್ಗೆ, ಆ ತಾಯಿ ಕೈಬೀಸಿದರು. ಅತ್ತೆ, "ಊಟ ಆಯ್ತಾ?" ಎಂದು ಕನ್ನಡದಲ್ಲೇ ವಿಚಾರಿಸಿಕೊಂಡರು.

ನನಗೆ, ನನ್ನ ಗಂಡನಿಗೆ, ಮಗಳಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಮೇಘನಾಗೆ ಒಂದಿಷ್ಟು ಚೈನೀಸ್ ಕೂಡ ಬರುತ್ತದೆ. ಅತ್ತೆಗೆ ಬರುವುದು ಕನ್ನಡ ಒಂದೇ.

ಈಗ ಹೇಳಿ, ನಮ್ಮನೆಯಲ್ಲಿ ಭಾಷೆ ಬಾರದವರು ಯಾರು?