ಕರಿಬೇವಿನ ಬುಡದ ಮಜ್ಜಿಗೆ

ನನ್ನ ಗಂಡನಿಗೆ ಗ್ರಹಣಿ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದು, ಹೊರಗೆ ಓಡುವುದೇ ಕೆಲಸ. ಉಪ್ಪಳದಿಂದ ಒಳಗೆ ಸಣ್ಣದೊಂದು ದೇವಸ್ಥಾನದಲ್ಲಿ ಅವರದ್ದು ಪೂಜೆ. ಪಾಯಿಖಾನೆಗೆ ಹೋದರೆ ಮತ್ತೆ ಮಿಂದೇ ಗರ್ಭಗುಡಿ ಹೊಗಬೇಕು. ಆಟಿ ತಿಂಗಳ ಜಡಿಮಳೆಯಲ್ಲೂ ಮೀಯುವುದೇ ಮೀಯುವುದು. ಮಂಗಳೂರಿನಲ್ಲಿ ಡಾಕ್ಟರರು ಹೊಟ್ಟೆಗೆ ಕ್ಯಾಮೆರಾ ಇಳಿಸಿ ನೋಡಿದರು, ಮಾತ್ರೆ ಕೊಟ್ಟರು, ಪ್ರಯೋಜನವಾಗಲಿಲ್ಲ. ಮನುಷ್ಯ ಎಲುಬಿನ ಗೂಡಾದರು. ನನಗೆ ಹೆದರಿಕೆ ಹತ್ತಿತು.

ಬಾಯಾರಿನ ವೈದ್ಯರ ಹತ್ತಿರ ಎಳೆದುಕೊಂಡು ಹೋದೆ. ಅವರದ್ದು ಮುತ್ತಜ್ಜನ ಕಾಲದ ಮದ್ದು: ಅನ್ನ ಕಡಿಮೆ ಮಾಡುತ್ತ ಬಂದು ಬರೀ ಮಜ್ಜಿಗೆಯಲ್ಲಿ ಇರುವುದು. ಬೆಣ್ಣೆಯ ಪಸೆಯೂ ಇರಬಾರದು, ಶುಂಠಿ, ಜೀರಿಗೆ ಬೀಳಬೇಕು.

"ಬೆಳಗ್ಗಿನದ್ದು ತಪ್ಪಿಸಬೇಡಿ. ತಪ್ಪಿದರೆ ಈ ಮಳೆಗಾಲ ದಾಟುವುದು ಕಷ್ಟ ಉಂಟು," ಅಂದರು.

ಬೆಳಕು ಹರಿಯುವ ಮೊದಲೇ ಎದ್ದು ಕಡೆದು ಕೊಡುತ್ತಿದ್ದೆ. ಮೀಯಲು ಹೋಗುವಾಗ ಅವರು ಕೊಂಡುಹೋದ ಚೊಂಬು ಬಚ್ಚಲಿನಿಂದ ಖಾಲಿಯಾಗಿಯೇ ಬರುತ್ತಿತ್ತು. ಆದರೂ ಅವರು ಇಳಿದೇ ಹೋದರು. ಬಚ್ಚಲ ಹಿಂದಿನ ಕರಿಬೇವು ಮಾತ್ರ ಸೊಕ್ಕಿ ಬೆಳೆಯಿತು. ಸೊಪ್ಪು ಕೊಯ್ಯಲು ಬಂದ ನೆರೆಮನೆಯ ಬ್ಯಾರಿ ಹೆಂಗಸು ಮೂಗು ಮುಚ್ಚಿದಳು.

"ಎಂತ ಅಕ್ಕ, ದಿನಾ ಬುಡಕ್ಕೆ ಮಜ್ಜಿಗೆ ಹೊಯ್ಯುತ್ತೀರಾ?"

ಖಾಲಿ ಚೊಂಬಿನ ಗುಟ್ಟು ಆಗ ತಿಳಿಯಿತು. ದೇವಸ್ಥಾನದಿಂದ ಬಂದವರನ್ನು ಮೆಟ್ಟಿಲಲ್ಲೇ ಹಿಡಿದೆ.

"ನಿಮ್ಮ ತಲೆ ಸಮ ಉಂಟಾ?"

"ನೈವೇದ್ಯ ಆಗದೆ ನಾನು ಬಾಯಿಗೆ ಹಾಕುವುದು ಹೇಗೆ ಮಾರಾಯ್ತಿ? ಹೊಟ್ಟೆ ಖಾಲಿ ಇದ್ದರೆ ಪೂಜೆ ಮುಗಿಯುವವರೆಗೆ ಓಡಲಿಕ್ಕೂ ಇಲ್ಲ."

"ನೀವು ಸತ್ತ ಮೇಲೆ ಪೂಜೆ ಯಾರು, ನಿಮ್ಮ ಅಪ್ಪ ಬಂದು ಮಾಡುತ್ತಾರಾ?"

ಮರುದಿನ ಮಿಂದು, ಮಡಿಯಲ್ಲಿ ಮಜ್ಜಿಗೆ ಹಿಡಿದುಕೊಂಡು ನಾನೇ ದೇವಸ್ಥಾನಕ್ಕೆ ಹೋದೆ. "ಮೊದಲು ಇದನ್ನೇ ನೈವೇದ್ಯ ಮಾಡಿ. ಪ್ರಸಾದವನ್ನು ಕರಿಬೇವಿಗೆ ಹೊಯ್ಯಿರಿ, ನೋಡುವ!"

ಅವರು ಚೊಂಬು ತೆಗೆದುಕೊಂಡರು. ಒಳಗಿಟ್ಟು ಕೈಮುಗಿದು, ತಂದು ಕುಡಿದರು.

ಕುಡಿದ ಮೇಲೆ ಹೊಟ್ಟೆ ಸುಮ್ಮನಿರುತ್ತದಾ? ಪೂಜೆಯ ನಡುವೆ ಎದ್ದು ಓಡಿದರು, ಮಿಂದು ಬಂದರು, ಮತ್ತೆ ಓಡಿದರು. ಆರತಿಗೆ ಕಾದವರು ಗೊಣಗಿದರು. ದಿನವೂ ಇದೇ ಪಾಡಾಯಿತು. ಕೊನೆಗೆ ಆಡಳಿತದವರು ಮನೆಗೇ ಬಂದು, "ಗುಣ ಆಗುವವರೆಗೆ ಬೇರೆಯವರು ಮಾಡಲಿ ಭಟ್ರೇ," ಅಂದರು. ಇವರು ದೇವಸ್ಥಾನದ ಬೀಗದ ಕೈ ಕೊಟ್ಟರು.

ಮಳೆಗಾಲ ದಾಟಿತು. ಕಾಯಿಲೆ ಹಿಡಿತಕ್ಕೆ ಬಂತು, ಕೆನ್ನೆ ತುಂಬಿತು. ಪೂಜೆ ಮಾತ್ರ ತಿರುಗಿ ಬರಲಿಲ್ಲ, ಹೊಸಬರೇ ಗಟ್ಟಿಯಾದರು. ಜೀವ ಉಳಿಯಿತಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಈಗಲೂ ಅವರು ಬೆಳಗ್ಗೆ ಮಿಂದು ಮಡಿಯುಟ್ಟು ಅಂಗಳದಲ್ಲಿ ನಿಲ್ಲುತ್ತಾರೆ. ನಾನು ಮಜ್ಜಿಗೆಯ ಲೋಟ ಕೈಗೆ ಕೊಡುತ್ತೇನೆ. ದೇವಸ್ಥಾನದಲ್ಲಿ ಇನ್ನೊಬ್ಬರು ಬಾರಿಸುವ ನೈವೇದ್ಯದ ಗಂಟೆ ಕೇಳಿದ ಮೇಲೆಯೇ ಅವರು ಕುಡಿಯುವುದು.